ಕಾರಿತ ಹಿಂಸೆ: ಅಬ್ಖಾಜಿಯದ ಶಸ್ತ್ರಮೈತ್ರಿಯ ಲೆಕ್ಕ

ಜಪಮಾಲೆಯಲ್ಲಿ 108 ಮಣಿಗಳೇಕೆ ಎಂದು ಕೇಳಿದರೆ ಪಾಠಶಾಲೆಯಲ್ಲಿ ಕಲಿತ ಮಕ್ಕಳೂ ಲೆಕ್ಕ ಹೇಳುತ್ತಾರೆ. ಸಂರಂಭ, ಸಮಾರಂಭ, ಆರಂಭ ಎಂಬ ಮೂರು. ಮನಸ್ಸು, ವಚನ, ಕಾಯ ಎಂಬ ಮೂರು. ಕೃತ, ಕಾರಿತ, ಅನುಮತ ಎಂಬ ಮೂರು. ಕ್ರೋಧ, ಮಾನ, ಮಾಯೆ, ಲೋಭ ಎಂಬ ನಾಲ್ಕು ಕಷಾಯಗಳು. ಇವನ್ನು ಒಂದರಿಂದೊಂದು ಗುಣಿಸಿದರೆ ಜೀವಾಧಿಕರಣವಾದ ಆಸ್ರವದ 108 ಭೇದಗಳು ದೊರೆಯುತ್ತವೆ. ತತ್ತ್ವಾರ್ಥಸೂತ್ರದ ಆರನೆಯ ಅಧ್ಯಾಯದಲ್ಲಿ ಬರುವ ಈ ಗಣನೆಯನ್ನು ನಾವು ಬಾಯಿಪಾಠ ಮಾಡಿದಷ್ಟು ಸುಲಭವಾಗಿ ಬಾಳಿಗೆ ಅನ್ವಯಿಸಿಕೊಂಡಿಲ್ಲ. ತಾನೇ ಮಾಡಿದ್ದು, ಬೇರೆಯವರಿಂದ ಮಾಡಿಸಿದ್ದು, ಮಾಡಿದವನನ್ನು ಒಪ್ಪಿ ತಲೆದೂಗಿದ್ದು ಎಂಬ ಮೂರನ್ನೂ ಶಾಸ್ತ್ರವು ಒಂದೇ ಸಾಲಿನಲ್ಲಿ ನಿಲ್ಲಿಸುತ್ತದೆ. ಲೋಕದ ನ್ಯಾಯಾಲಯಗಳು ಮೊದಲನೆಯದನ್ನು ಬಲ್ಲವು, ಎರಡನೆಯದನ್ನು ಕಷ್ಟಪಟ್ಟು ಸಾಧಿಸಬಲ್ಲವು, ಮೂರನೆಯದನ್ನು ಮುಟ್ಟಲಾರವು. ಇತಿಹಾಸ ಬರೆಯುವವರೂ ಬಹುಮಟ್ಟಿಗೆ ಹಾಗೆಯೇ.

ಈ ಮಧ್ಯದ ಮಾತನ್ನು, ಎಂದರೆ 'ಕಾರಿತ'ವನ್ನು, ಒಂದು ಇಡೀ ಜನಾಂಗದ ನಡೆಗೆ ಹಿಡಿದು ನೋಡಬಹುದೇ ಎಂಬುದು ಪ್ರಸ್ತುತ ಲೇಖನದ ಪ್ರಶ್ನೆ. ಸಂಖ್ಯೆಯಲ್ಲಿ ಅಲ್ಪವಾದ ಜನಾಂಗವೊಂದು ತನ್ನ ನೆರೆಯ ದೊಡ್ಡ ಜನಾಂಗಕ್ಕೆ ಅಂಜಿ, ಶಸ್ತ್ರ ಹಿಡಿದ ಮಿತ್ರರನ್ನು ಹೊರಗಿನಿಂದ ಕರೆಯುತ್ತದೆ. ಆ ಮಿತ್ರರು ಬರುತ್ತಾರೆ, ಗೆಲ್ಲಿಸುತ್ತಾರೆ, ಕೊಲ್ಲುತ್ತಾರೆ. ಆ ಕೊಲೆ ಯಾರ ಲೆಕ್ಕಕ್ಕೆ ಸೇರುತ್ತದೆ? 1991ರಲ್ಲಿ ಸೋವಿಯತ್ ಒಕ್ಕೂಟ ಒಡೆದ ಮೇಲೆ ಅದರ ಅಂಚುಗಳಲ್ಲಿ ನಡೆದ ಪ್ರತ್ಯೇಕತೆಯ ಯುದ್ಧಗಳಲ್ಲಿ ಈ ಪ್ರಶ್ನೆ ಮತ್ತೆ ಮತ್ತೆ ಎದ್ದಿತು. ಕಪ್ಪುಸಮುದ್ರದ ಪೂರ್ವತೀರದ ಅಬ್ಖಾಜಿಯದಲ್ಲಿ ಎದ್ದಷ್ಟು ಸ್ಪಷ್ಟವಾಗಿ ಬೇರೆಲ್ಲಿಯೂ ಎದ್ದಿಲ್ಲವೆಂದು ನನ್ನ ಅಭಿಪ್ರಾಯ.

ಕಾಕಸಸ್ ಪರ್ವತಶ್ರೇಣಿಗೂ ಸಮುದ್ರಕ್ಕೂ ನಡುವೆ ಹಬ್ಬಿದ ಅಬ್ಖಾಜಿಯ ಒಂದು ಕಿರಿದಾದ ನಾಡು. ಕಿತ್ತಳೆ, ಚಹಾ, ತಂಬಾಕು ಬೆಳೆಯುವ ನೆಲ. ಸೋವಿಯತ್ ಕಾಲದಲ್ಲಿ ಮಾಸ್ಕೋದ ಅಧಿಕಾರಿಗಳೂ ಕಾರ್ಮಿಕರೂ ರಜೆ ಕಳೆಯಲು ಬರುತ್ತಿದ್ದ ಕಡಲತೀರ. 1989ರ ಜನಗಣತಿಯಲ್ಲಿ ಅಲ್ಲಿದ್ದವರು 5,25,061 ಮಂದಿ. ಅವರಲ್ಲಿ ನಾಡಿಗೆ ತಮ್ಮ ಹೆಸರನ್ನು ಕೊಟ್ಟ ಅಬ್ಖಾಜರು ಕೇವಲ 93,267, ಶೇಕಡಾ 18ಕ್ಕೂ ಕಡಿಮೆ. ಜಾರ್ಜಿಯನ್ನರು ಶೇಕಡಾ 45.7. ಆರ್ಮೇನಿಯನ್ನರು 76,541, ರಷ್ಯನ್ನರು ಅವರಿಗಿಂತ ಸ್ವಲ್ಪ ಕಡಿಮೆ, ಗ್ರೀಕರು ಹದಿನಾಲ್ಕು ಸಾವಿರಕ್ಕೂ ಹೆಚ್ಚು. ಸ್ವಂತ ಹೆಸರಿನ ನಾಡಿನಲ್ಲಿ ಐದರಲ್ಲಿ ಒಂದು ಪಾಲೂ ಇಲ್ಲದ ಜನಾಂಗದ ಅಳುಕು ಎಂತಹುದೆಂದು ಅರ್ಥ ಮಾಡಿಕೊಳ್ಳಲು, 2011ರ ಜನಗಣತಿಯಂತೆ ಈ ದೇಶದಲ್ಲಿ ನೂರಕ್ಕೆ ಅರ್ಧದಷ್ಟೂ ಇಲ್ಲದ ನಮಗೆ ಕಷ್ಟವಾಗಬೇಕಾಗಿಲ್ಲ.

ಆ ನಾಡಿನ ಪ್ರತಿಯೊಂದು ಜನಾಂಗವೂ ತನ್ನ ಕಥೆಯನ್ನು ಬೇರೆ ಬೇರೆ ಇಸವಿಯಿಂದ ಆರಂಭಿಸುತ್ತದೆ. ಅಬ್ಖಾಜನನ್ನು ಕೇಳಿದರೆ, 19ನೆಯ ಶತಮಾನದ ಉತ್ತರಾರ್ಧದಲ್ಲಿ ಝಾರ್ ಚಕ್ರವರ್ತಿಯ ಸೇನೆ ತನ್ನ ಪೂರ್ವಜರನ್ನು ಹಡಗು ಹತ್ತಿಸಿ ತುರ್ಕಿಯ ಸಾಮ್ರಾಜ್ಯಕ್ಕೆ ಅಟ್ಟಿದಂದಿನಿಂದ ಹೇಳತೊಡಗುತ್ತಾನೆ. ಬಳಿಕ 1931ರಲ್ಲಿ ಅಬ್ಖಾಜಿಯದ ಸ್ಥಾನವನ್ನು ಇಳಿಸಿ ಜಾರ್ಜಿಯದೊಳಗಿನ ಸ್ವಾಯತ್ತ ಗಣರಾಜ್ಯವನ್ನಾಗಿ ಮಾಡಿದುದು. 1938ರಲ್ಲಿ ಅವನ ಭಾಷೆಗೆ ಜಾರ್ಜಿಯನ್ ಲಿಪಿಯನ್ನು ಹೇರಿದುದು. ಎರಡನೆಯ ಮಹಾಯುದ್ಧ ಮುಗಿಯುವ ವೇಳೆಗೆ ಅಬ್ಖಾಜ್ ಶಾಲೆಗಳನ್ನು ಮುಚ್ಚಿದುದು. ಹೊರಗಿನಿಂದ ಜಾರ್ಜಿಯನ್ ರೈತರನ್ನು ತಂದು ನೆಲೆಗೊಳಿಸಿದುದು. ಇವೆಲ್ಲ ಸ್ಟಾಲಿನ್ ಮತ್ತು ಬೇರಿಯಾರ ಕಾಲದ ಕೃತ್ಯಗಳು. ಇಬ್ಬರೂ ಹುಟ್ಟಿನಿಂದ ಜಾರ್ಜಿಯದವರೆಂಬುದನ್ನು ಅಬ್ಖಾಜನು ಮರೆಯುವುದಿಲ್ಲ.

ಜಾರ್ಜಿಯನ್ನನ ಕಥೆ ಬೇರೆ. ತಾನೂ ರಷ್ಯದ ಪಕ್ಕದಲ್ಲಿರುವ ಒಂದು ಚಿಕ್ಕ ಜನಾಂಗವೇ ಎಂದು ಅವನು ಹೇಳುತ್ತಾನೆ, ಅದು ನಿಜ. 1989ರ ಏಪ್ರಿಲ್ 9ರ ಬೆಳಗಿನ ಜಾವ ರಾಜಧಾನಿ ತ್ಬಿಲಿಸಿಯಲ್ಲಿ ಸೋವಿಯತ್ ಸೈನಿಕರು ಗುದ್ದಲಿಗಳಿಂದಲೂ ವಿಷಾನಿಲದಿಂದಲೂ ನಿಶ್ಶಸ್ತ್ರರಾದ ಪ್ರದರ್ಶನಕಾರರ ಮೇಲೆ ಬಿದ್ದರು. ಇಪ್ಪತ್ತರಷ್ಟು ಮಂದಿ, ಬಹುಪಾಲು ಸ್ತ್ರೀಯರು, ಸತ್ತರು. ಆ ಪ್ರದರ್ಶನಕ್ಕೆ ಕಿಡಿಯಾದುದು ಅದಕ್ಕೆ ಮೂರು ವಾರ ಹಿಂದೆ ಲಿಖ್ನಿ ಗ್ರಾಮದಲ್ಲಿ ಸೇರಿದ್ದ ಅಬ್ಖಾಜರು ತಮ್ಮ ಹಿಂದಿನ ಸ್ಥಾನಮಾನವನ್ನು ಮರಳಿ ಕೊಡಬೇಕೆಂದು ಮಾಸ್ಕೋವನ್ನು ಬೇಡಿದುದು. ಆದುದರಿಂದ ಜಾರ್ಜಿಯನ್ನನ ಕಣ್ಣಿಗೆ ಅಬ್ಖಾಜನು ಮಾಸ್ಕೋದ ಕೈಗೊಂಬೆಯಾಗಿ ಕಂಡನು. ಆರ್ಮೇನಿಯನ್ನನಾದರೋ 1915ರಿಂದ ಎಣಿಸುತ್ತಾನೆ. ಅವನ ಅಜ್ಜ ಅಜ್ಜಿಯರಲ್ಲಿ ಹಲವರು ತುರ್ಕಿಯ ಹತ್ಯಾಕಾಂಡದಿಂದ ತಪ್ಪಿಸಿಕೊಂಡು ಈ ಕಡಲತೀರಕ್ಕೆ ಬಂದವರು. ಶಸ್ತ್ರವಿಲ್ಲದ ಅಲ್ಪಸಂಖ್ಯಾತನಿಗೆ ಏನಾಗುತ್ತದೆಂಬುದು ಅವರ ಮನೆಗಳಲ್ಲಿ ಬಾಯಿಂದ ಬಾಯಿಗೆ ಬಂದ ತಿಳಿವಳಿಕೆ.

ಈ ಮೂರು ನೋಟಗಳೂ ತಮ್ಮ ತಮ್ಮ ಅಪೇಕ್ಷೆಯಿಂದ ಸತ್ಯ. ಆದರೆ ಅನೇಕಾಂತವನ್ನು ಹೀಗೆ ಹೇಳಿ ಮುಗಿಸಿಬಿಡುವ ಅಭ್ಯಾಸವೊಂದು ನಮ್ಮಲ್ಲಿ ಬೆಳೆದಿದೆ. ಎಲ್ಲರೂ ಸ್ವಲ್ಪ ಸರಿ, ಎಲ್ಲರೂ ಸ್ವಲ್ಪ ತಪ್ಪು ಎಂದು ಕೈತೊಳೆದುಕೊಳ್ಳುವುದು. ನಯವು ವಸ್ತುವನ್ನು ನೋಡುವ ದೃಷ್ಟಿಯೇ ಹೊರತು ಕರ್ಮಕ್ಕೆ ವಿನಾಯಿತಿ ಪತ್ರವಲ್ಲ. ಭಯ ನಿಜವಾಗಿದ್ದಿತೆಂಬ ಮಾತಿನಿಂದ ಭಯದಲ್ಲಿ ಮಾಡಿದ ಕೃತ್ಯದ ಬಂಧ ತಪ್ಪುವುದಿಲ್ಲ.

ಯುದ್ಧಕ್ಕೆ ಮೊದಲು ಒಂದು ಒಪ್ಪಂದವಿದ್ದಿತೆಂಬುದನ್ನು ಬಹುಮಂದಿ ಮರೆತಿದ್ದಾರೆ. 1991ರಲ್ಲಿ ಅಬ್ಖಾಜಿಯದ ಶಾಸನಸಭೆಯ 65 ಸ್ಥಾನಗಳನ್ನು ಮೊದಲೇ ಹಂಚಲಾಯಿತು: ಅಬ್ಖಾಜರಿಗೆ 28, ಜಾರ್ಜಿಯನ್ನರಿಗೆ 26, ಉಳಿದೆಲ್ಲರಿಗೆ 11. ಮಹತ್ವದ ವಿಷಯಗಳಿಗೆ ಮೂರರಲ್ಲಿ ಎರಡು ಪಾಲು ಮತ ಬೇಕೆಂಬ ನಿಯಮವೂ ಇದ್ದಿತು. ಹೆಚ್ಚು ಸಂಖ್ಯೆಯ ಜಾರ್ಜಿಯನ್ನರು ಕಡಿಮೆ ಸ್ಥಾನಗಳಿಗೆ ಒಪ್ಪಿದುದು ಸಾಮಾನ್ಯ ಸಂಗತಿಯಲ್ಲ. ಮೂರರಲ್ಲಿ ಎರಡರ ನಿಯಮವೇ ಅವರಿಗಿದ್ದ ರಕ್ಷೆ. ಆದರೆ ಸಭೆ ಕೂಡಿದೊಡನೆ ಅಬ್ಖಾಜರು ಆ ಹನ್ನೊಂದು ಮಂದಿಯಲ್ಲಿ ಬಹುಪಾಲನ್ನು, ಎಂದರೆ ಆರ್ಮೇನಿಯನ್, ರಷ್ಯನ್ ಮೊದಲಾದ ಪ್ರತಿನಿಧಿಗಳನ್ನು, ತಮ್ಮ ಕಡೆಗೆ ಸೆಳೆದುಕೊಂಡು ಸರಳ ಬಹುಮತದಿಂದಲೇ ನಿರ್ಣಯಗಳನ್ನು ಮಾಡತೊಡಗಿದರು. ಜಾರ್ಜಿಯನ್ ಪ್ರತಿನಿಧಿಗಳು ಹೊರನಡೆದರು. 1992ರ ಜುಲೈ 23ರಂದು, ಅವರಿಲ್ಲದ ಸಭೆ, ಮೂರರಲ್ಲಿ ಎರಡು ಪಾಲಿನ ನಿಯಮವನ್ನು ಬದಿಗಿಟ್ಟು, 1925ರ ಸಂವಿಧಾನವನ್ನು ಮತ್ತೆ ಜಾರಿಗೆ ತಂದಿತು. ಅಲ್ಪಸಂಖ್ಯಾತರ ಮೈತ್ರಿ ಮೊದಲು ಕೂಡಿದುದು ಹೀಗೆ, ಮತಪತ್ರಗಳ ಮೇಲೆ. ಬಂದೂಕು ಅನಂತರ ಬಂದಿತು. ವಚನದಲ್ಲಿ ಕೊಟ್ಟ ಮಾತು ಮೊದಲು ಮುರಿಯಿತೆಂಬುದನ್ನು ಗಮನಿಸಬೇಕು.

ಆದರೆ ರಕ್ತವನ್ನು ಮೊದಲು ಹರಿಸಿದವರು ಅಬ್ಖಾಜರಲ್ಲ. 1992ರ ಆಗಸ್ಟ್ 14ರಂದು, ಜಾರ್ಜಿಯದೊಂದಿಗೆ ಒಕ್ಕೂಟ ಸಂಬಂಧದ ಕರಡನ್ನು ಚರ್ಚಿಸಲು ಸಭೆ ಸೇರಬೇಕಾಗಿದ್ದ ದಿನವೇ, ತೆಂಗಿಜ್ ಕಿತೋವಾನಿಯ ನೇತೃತ್ವದ ಜಾರ್ಜಿಯನ್ ರಾಷ್ಟ್ರೀಯ ರಕ್ಷಣಾಪಡೆ ಟ್ಯಾಂಕುಗಳೊಂದಿಗೆ ಅಬ್ಖಾಜಿಯವನ್ನು ಹೊಕ್ಕಿತು. ರೈಲುಮಾರ್ಗವನ್ನು ದರೋಡೆಗಾರರಿಂದ ರಕ್ಷಿಸಲು ಬಂದೆವೆಂಬುದು ಅವರ ವಿವರಣೆ. ರಕ್ಷಣೆಗೆ ಬಂದ ಸೇನೆ ರಾಜಧಾನಿ ಸುಖುಮಿಯ ಮನೆ, ಅಂಗಡಿ, ಆಸ್ಪತ್ರೆಗಳನ್ನು ಲೂಟಿ ಮಾಡಿತು. ಹಿಟ್ಟೈಟ್ ಪುರಾಣ ಮತ್ತು ಆಚರಣೆಗಳನ್ನು ಅಧ್ಯಯನ ಮಾಡಿದ್ದ ವಿದ್ವಾಂಸ, ಶಾಸನಸಭೆಯ ಅಧ್ಯಕ್ಷ ವ್ಲಾದಿಸ್ಲಾವ್ ಅರ್ದ್ಜಿನ್ಬ ತನ್ನವರೊಡನೆ ವಾಯವ್ಯದ ಗುದೌತ ಪಟ್ಟಣಕ್ಕೆ ಹಿಮ್ಮೆಟ್ಟಿದನು. ಅಕ್ಟೋಬರ್ 22ರಂದು ಸುಖುಮಿಯಲ್ಲಿ ಅಬ್ಖಾಜಿಯದ ಪತ್ರಾಗಾರಕ್ಕೂ, ಅಬ್ಖಾಜ್ ಭಾಷೆ, ಸಾಹಿತ್ಯ, ಇತಿಹಾಸಗಳ ಸಂಶೋಧನಾ ಸಂಸ್ಥೆಗೂ ಬೆಂಕಿ ಬಿದ್ದಿತು. ಲಕ್ಷಕ್ಕಿಂತ ಕಡಿಮೆ ಜನ ಮಾತನಾಡುವ ಭಾಷೆಯೊಂದರ ದಾಖಲೆಗಳ ಬಹುಭಾಗ ಬೂದಿಯಾಯಿತು. ಶ್ರುತಪಂಚಮಿಯಂದು ಓಲೆಗರಿಗಳಿಗೆ ಅರ್ಘ್ಯವೆತ್ತುವ ನಮಗೆ ಆ ಬೆಂಕಿಯ ಅರ್ಥವನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಕಟ್ಟಡ ತನ್ನಷ್ಟಕ್ಕೆ ಹೊತ್ತಿಕೊಂಡಿತೆಂದು ಅಬ್ಖಾಜರು ಎಂದೂ ನಂಬಲಿಲ್ಲ.

ಇಂತಹ ಸಂದರ್ಭದಲ್ಲಿ ಅವರು ಮಿತ್ರರನ್ನು ಕರೆದರು. ಕರೆಯಲು ಒಂದು ಸಂಸ್ಥೆ ಸಿದ್ಧವಾಗಿಯೇ ಇದ್ದಿತು. 1989ರ ಆಗಸ್ಟಿನಲ್ಲಿ ಸುಖುಮಿಯಲ್ಲಿಯೇ ಕಾಕಸಸ್‌ನ ಪರ್ವತ ಜನಾಂಗಗಳ ಸಭೆಯೊಂದು ಸ್ಥಾಪನೆಯಾಗಿ, 1991ರ ನವೆಂಬರಿನಲ್ಲಿ ಅದೇ ಊರಿನಲ್ಲಿ ಪರ್ವತ ಜನಾಂಗಗಳ ಒಕ್ಕೂಟವೆಂಬ ರೂಪ ತಾಳಿತ್ತು. ಚೆಚೆನ್, ಕಬಾರ್ಡ, ಅದಿಗೆ, ಚೆರ್ಕೆಸ್, ಅಬಾಜ ಮುಂತಾದ, ಹೆಚ್ಚಿನವು ರಷ್ಯದ ಗಡಿಯೊಳಗೇ ಇರುವ, ಸಣ್ಣ ಸಣ್ಣ ಜನಾಂಗಗಳ ಕೂಟವಿದು. ನಾಲ್ಚಿಕ್ ನಗರದ ವಿಶ್ವವಿದ್ಯಾಲಯದಲ್ಲಿ ಅಧ್ಯಾಪಕನಾಗಿದ್ದ ಕಬಾರ್ಡ ಜನಾಂಗದ ಮೂಸಾ ಶಾನಿಬೋವ್ ಇದರ ಅಧ್ಯಕ್ಷ. 1918ರಲ್ಲಿ ಅಲ್ಪಕಾಲ ಬಾಳಿದ ಪರ್ವತ ಗಣರಾಜ್ಯವನ್ನು ಪುನಃ ಕಟ್ಟುವುದು ಅವರ ಕನಸು. ಅಬ್ಖಾಜ್ ಭಾಷೆಗೆ ಚೆರ್ಕೆಸ್, ಕಬಾರ್ಡ ಭಾಷೆಗಳೊಡನೆ ಇರುವ ಬಾಂಧವ್ಯವೂ, 19ನೆಯ ಶತಮಾನದ ಗಡೀಪಾರಿನ ಸಮಾನ ನೆನಪೂ ಈ ಮೈತ್ರಿಗೆ ಭಾವುಕವಾದ ಬಲ ನೀಡಿದವು. ಆಗಸ್ಟಿನಲ್ಲಿಯೇ ಸ್ವಯಂಸೇವಕರು ಕಣಿವೆಗಳನ್ನು ದಾಟಿ ಗುದೌತಕ್ಕೆ ಬರತೊಡಗಿದರು. ಸೆಪ್ಟೆಂಬರಿನಲ್ಲಿ ರಷ್ಯದ ಅಧಿಕಾರಿಗಳು ಶಾನಿಬೋವ್‌ನನ್ನು ಬಂಧಿಸಿದಾಗ ನಾಲ್ಚಿಕ್‌ನಲ್ಲಿ ಜನ ಬೀದಿಗಿಳಿದರು. ಅವನು ಬೇಗನೆ ಹೊರಬಂದನು.

ಇಲ್ಲಿಯವರೆಗಿನದನ್ನು ನಮ್ಮ ಶ್ರಾವಕಾಚಾರದ ಅಳತೆಗೋಲಿನಿಂದ ಅಳೆದರೆ ಏನು ತೋರುತ್ತದೆ? ಗೃಹಸ್ಥನಿಗೆ ಸಂಬಂಧಿಸಿದಂತೆ ಹಿಂಸೆಯನ್ನು ಸಂಕಲ್ಪೀ, ಆರಂಭೀ, ಉದ್ಯೋಗೀ, ವಿರೋಧೀ ಎಂದು ನಾಲ್ಕಾಗಿ ವಿಂಗಡಿಸುವುದುಂಟು. ಕೊಲ್ಲಬೇಕೆಂಬ ಸಂಕಲ್ಪದಿಂದ ಮಾಡುವುದನ್ನು ಶ್ರಾವಕನು ಪೂರ್ಣವಾಗಿ ಬಿಡಬೇಕು. ಆಕ್ರಮಿಸಿದವನನ್ನು ಎದುರಿಸುವಾಗ ಅನಿವಾರ್ಯವಾಗಿ ಆಗುವ ವಿರೋಧೀ ಹಿಂಸೆಯನ್ನು ಅವನು ಪೂರ್ಣವಾಗಿ ಬಿಡಲಾರ. ಗೊಮ್ಮಟೇಶ್ವರನನ್ನು ಕಡೆಯಿಸಿದ ಚಾವುಂಡರಾಯನು ಗಂಗರ ಸೇನಾಪತಿಯಾಗಿದ್ದನೆಂಬುದನ್ನು ಬಲ್ಲ ನಾವು ಈ ವಿಂಗಡಣೆಯನ್ನು ಹಗುರವಾಗಿ ಕಾಣುವಂತಿಲ್ಲ. ಟ್ಯಾಂಕುಗಳು ಊರು ಹೊಕ್ಕಾಗ ಅಬ್ಖಾಜರು ಎದುರು ನಿಂತುದು, ಸಾಲದ ಬಲವನ್ನು ನೆಂಟರಿಂದ ಬೇಡಿದುದು, ವಿರೋಧೀ ಹಿಂಸೆಯ ಎಲ್ಲೆಯೊಳಗೇ ಇತ್ತೆಂದು ಹೇಳಬಹುದು. ಪಾಪವಲ್ಲವೆಂದಲ್ಲ, ಗೃಹಸ್ಥನಿಗೆ ತಪ್ಪಿಸಲಾಗದ ಪಾಪವೆಂದು. ಆ ಎಲ್ಲೆ ಮುಂದೆ ಎಲ್ಲಿ ದಾಟಿತೆಂಬುದನ್ನು ಹುಡುಕಲು ಬಹಳ ದೂರ ಹೋಗಬೇಕಾಗಿಲ್ಲ. ಯುದ್ಧ ಆರಂಭವಾಗಿ ಏಳು ವಾರಗಳೊಳಗೆ, ಗಾಗ್ರದಲ್ಲಿ.

ಗಾಗ್ರ ರಷ್ಯದ ಗಡಿಗೆ ಸಮೀಪದ ಕಡಲತೀರದ ಪಟ್ಟಣ. ಸೆಪ್ಟೆಂಬರ್ 3ರಂದು ಮಾಸ್ಕೋದಲ್ಲಿ ಕದನವಿರಾಮಕ್ಕೆ ಸಹಿಯಾಗಿದ್ದಿತು. ಆ ಪ್ರಕಾರ ಜಾರ್ಜಿಯದ ಪಡೆಯ ಒಂದು ಭಾಗ ಅಲ್ಲಿಂದ ಹಿಂದೆಗೆದಿದ್ದಿತು. ಅಕ್ಟೋಬರಿನ ಮೊದಲ ವಾರ ಅಬ್ಖಾಜರೂ ಒಕ್ಕೂಟದ ಹೋರಾಟಗಾರರೂ ಕೂಡಿ ಪಟ್ಟಣದ ಮೇಲೆ ಬಿದ್ದರು. ಚೆಚೆನ್ ಯುವಕ ಶಾಮಿಲ್ ಬಸಾಯೆವ್ ಆ ಪಡೆಯ ನಾಯಕರಲ್ಲೊಬ್ಬ. ಪಟ್ಟಣ ವಶವಾಯಿತು. ವಶವಾದ ಬಳಿಕ ಅಲ್ಲಿನ ಜಾರ್ಜಿಯನ್ ನಾಗರಿಕರು, ಶಸ್ತ್ರವಿಲ್ಲದವರು, ಕೊಲೆಯಾದರು. ಉಳಿದವರು ಮನೆ ಬಿಟ್ಟು ಗಡಿಯ ಕಡೆಗೆ ಓಡಿದರು. ಸತ್ತವರ ಸಂಖ್ಯೆಯ ಬಗ್ಗೆ ಎರಡು ಕಡೆಯವರ ಲೆಕ್ಕ ಬೇರೆ. ಕೊಲೆಗಳು ನಡೆದುದನ್ನು ಹೊರಗಿನ ವೀಕ್ಷಕರು ದಾಖಲಿಸಿದ್ದಾರೆ. ಅಬ್ಖಾಜರ ಪಕ್ಷಪಾತಿಗಳು ಆಗಲೂ ಅನಂತರವೂ ಕೊಡುತ್ತ ಬಂದ ಸಮಾಧಾನವೊಂದಿದೆ: ಅತಿರೇಕ ಮಾಡಿದವರು ಹೊರಗಿನಿಂದ ಬಂದವರು, ನಮ್ಮವರಲ್ಲ. ಈ ಸಮಾಧಾನಕ್ಕಾಗಿಯೇ 'ಕಾರಿತ' ಎಂಬ ಶಬ್ದವಿದೆ. ಕರೆದವನಿಗೆ ಕರೆಯಿಸಿಕೊಂಡವನ ಸ್ವಭಾವ ಗೊತ್ತಿರಲಿಲ್ಲವೆಂದು ಮೊದಲ ದಿನ ಹೇಳಬಹುದು. ಗಾಗ್ರದ ಮರುದಿನದಿಂದ ಹಾಗೆ ಹೇಳಲು ಬರುವುದಿಲ್ಲ. ಆ ಪಡೆಗಳನ್ನು ಮರಳಿ ಕಳುಹಿಸಲಿಲ್ಲ, ಗೆಲುವಿಗಾಗಿ ಗೌರವಿಸಿದರು, ಬಸಾಯೆವ್ ಒಕ್ಕೂಟದ ಪಡೆಗಳ ದಂಡನಾಯಕನಾದನು. ಗಾಗ್ರದ ಆ ದಿನಗಳಲ್ಲಿ ಯಾವ ಕೃತ್ಯ ಯಾರ ಕೈಯಿಂದಾಯಿತೆಂಬುದು ಇಂದಿಗೂ ವಿವಾದದಲ್ಲಿದೆ. ಅನುಮೋದನೆಯ ವಿಷಯದಲ್ಲಿ ವಿವಾದಕ್ಕೆ ಎಡೆಯಿಲ್ಲ.

ಆರ್ಮೇನಿಯನ್ನರ ಪಾತ್ರ ಇನ್ನೂ ತೊಡಕಿನದು. ಯುದ್ಧದ ಆರಂಭದಲ್ಲಿ ಅವರಲ್ಲಿ ಬಹುಮಂದಿ ಎರಡೂ ಕಡೆಗೆ ಸೇರದೆ ಉಳಿಯಲೆಳಸಿದರು. ಆದರೆ ಜಾರ್ಜಿಯದ ಹಿಡಿತದಲ್ಲಿದ್ದ ಸುಖುಮಿ, ಗುಲ್ರಿಪ್ಶ್ ಪ್ರದೇಶಗಳ ಆರ್ಮೇನಿಯನ್ ಹಳ್ಳಿಗಳಿಗೆ ಅರೆಸೇನೆಯ ತಂಡಗಳು ನುಗ್ಗಿ ದೋಚಿದವು, ಹೊಡೆದವು, ಕೊಂದವು. ಹಾಗಾಗಿ 1993ರ ಆರಂಭದಲ್ಲಿ ಎರಡನೆಯ ಮಹಾಯುದ್ಧದ ಪ್ರಸಿದ್ಧ ಸೋವಿಯತ್ ಮಾರ್ಷಲ್ ಇವಾನ್ ಬಾಗ್ರಾಮ್ಯಾನ್‌ನ ಹೆಸರಿನಲ್ಲಿ ಆರ್ಮೇನಿಯನ್ನರದೇ ಒಂದು ಪಡೆ ಅಬ್ಖಾಜರ ಸೇನೆಯೊಳಗೆ ರೂಪುಗೊಂಡಿತು. ಸುಖುಮಿಗಾಗಿ ನಡೆದ ಕದನಗಳಲ್ಲಿ ಅದು ಮುಂಚೂಣಿಯಲ್ಲಿದ್ದಿತು. ಜಾರ್ಜಿಯನ್ನರ ನೆನಪಿನಲ್ಲಿ ಆ ಪಡೆಯ ಹೆಸರು ಸುಖುಮಿಯ ಕೊಲೆಗಳೊಡನೆ ಸೇರಿಹೋಗಿದೆ; ಆರ್ಮೇನಿಯನ್ನರ ನೆನಪಿನಲ್ಲಿ ಹಳ್ಳಿಗಳ ರಕ್ಷಣೆಯೊಡನೆ. ಒಂದೇ ಪಡೆ, ಒಂದೇ ವರ್ಷ. ದೋಚಲ್ಪಟ್ಟವನು ಶಸ್ತ್ರ ಹಿಡಿದ ಕ್ಷಣದಿಂದ ದೋಚುವ ಶಕ್ತಿಯೂ ಅವನಿಗೆ ಬರುತ್ತದೆ. ಕ್ರೋಧವೆಂಬ ಕಷಾಯ ಮೊದಲಿನ ಗಾಯದಿಂದಲೇ ಮೇವು ಪಡೆಯುತ್ತದೆ.

ಗ್ರೀಕರು ಬೇರೆ ದಾರಿ ಹಿಡಿದರು, ಅಥವಾ ಅವರಿಗೆ ಬೇರೆ ದಾರಿಯಿದ್ದಿತು. 1993ರ ಆಗಸ್ಟ್ 15ರಂದು ಗ್ರೀಸ್ ದೇಶ 'ಚಿನ್ನದ ಉಣ್ಣೆ' ಎಂಬ ಪುರಾಣದ ಹೆಸರಿನ ಕಾರ್ಯಾಚರಣೆಯಲ್ಲಿ ಸುಖುಮಿಗೆ ಹಡಗು ಕಳುಹಿಸಿ 1,015 ಮಂದಿಯನ್ನು ಕರೆದೊಯ್ದಿತು. ಯಾವ ಪಡೆಗೂ ಹೆಸರು ಕೊಡದೆ, ಯಾರನ್ನೂ ಕೊಲ್ಲದೆ ಅವರು ಹೋದರು; ಎರಡು ಪೆಟ್ಟಿಗೆಗಳಲ್ಲಿ ತುಂಬಲಾಗದ ತಲೆಮಾರುಗಳ ಮನೆಮಠಗಳು ಹಿಂದೆ ಉಳಿದವು. ಇದನ್ನು ಅಹಿಂಸೆಯ ವಿಜಯವೆನ್ನಲು ನನಗೆ ಮನಸ್ಸಿಲ್ಲ. ಕರೆದುಕೊಳ್ಳುವ ತಾಯ್ನಾಡು ಎಲ್ಲ ಅಲ್ಪಸಂಖ್ಯಾತರಿಗೂ ಇರುವುದಿಲ್ಲ.

ಶಸ್ತ್ರಗಳು ಎಲ್ಲಿಂದ ಬಂದವು? ಯುದ್ಧದ ವರ್ಣನೆಗಳಲ್ಲಿ ಈ ಪ್ರಶ್ನೆಗೆ ದೊರೆಯಬೇಕಾದಷ್ಟು ಸ್ಥಳ ದೊರೆಯುವುದಿಲ್ಲ. ಸೋವಿಯತ್ ಸೇನೆಯ ಸಾಮಗ್ರಿಯನ್ನು ಹೊಸ ಗಣರಾಜ್ಯಗಳಿಗೆ ಹಂಚುವ ಒಪ್ಪಂದಕ್ಕೆ 1992ರ ಮೇ 15ರಂದು ತಾಷ್ಕೆಂಟಿನಲ್ಲಿ ಸಹಿಯಾಯಿತು. ಜಾರ್ಜಿಯ ತನ್ನ ಪಾಲಿನ ಟ್ಯಾಂಕುಗಳನ್ನು ಪಡೆದು ಮೂರು ತಿಂಗಳಲ್ಲಿ ಸುಖುಮಿಗೆ ಓಡಿಸಿತು. ಇತ್ತ ಗುದೌತದಲ್ಲಿ ರಷ್ಯದ ವಾಯುನೆಲೆಯಿದ್ದಿತು. ಅದರ ನೆರಳಿನಲ್ಲಿ ಅಬ್ಖಾಜರಿಗೆ ಬೇಕಾದುದು ಒದಗಿತು. 1993ರ ಮಾರ್ಚ್ 19ರಂದು ಸುಖುಮಿಯ ಬಳಿ ಜಾರ್ಜಿಯನ್ನರು ಹೊಡೆದುರುಳಿಸಿದ ಯುದ್ಧವಿಮಾನವನ್ನು ನಡೆಸುತ್ತಿದ್ದವನು ರಷ್ಯದ ವಾಯುಸೇನೆಯ ಅಧಿಕಾರಿ. ಒಂದೇ ಉಗ್ರಾಣದ ಎರಡು ಬಾಗಿಲುಗಳಿಂದ ಎರಡು ಪಕ್ಷಗಳಿಗೂ ಆಯುಧ ಹರಿಯಿತು. ಅನರ್ಥದಂಡ ವಿರತಿಯನ್ನು ವಿವರಿಸುವಾಗ ನಮ್ಮ ಆಚಾರ್ಯರು 'ಹಿಂಸಾದಾನ'ವನ್ನು, ಎಂದರೆ ಕತ್ತಿ, ಕೊಡಲಿ, ವಿಷ, ಬೆಂಕಿ ಮುಂತಾದ ಕೊಲ್ಲುವ ಸಾಧನಗಳನ್ನು ಪರರಿಗೆ ಒದಗಿಸುವುದನ್ನು, ಪ್ರತ್ಯೇಕವಾಗಿ ಹೆಸರಿಸಿದ್ದಾರೆ. ನೆರೆಮನೆಯವನು ಕೊಡಲಿ ಕೇಳಿದಾಗ ಒಂದು ಗಳಿಗೆ ಯೋಚಿಸುವ ಶ್ರಾವಕನನ್ನು ಹಾಸ್ಯ ಮಾಡುವವರಿದ್ದಾರೆ. ತಾಷ್ಕೆಂಟಿನಲ್ಲಿ ಸಹಿ ಹಾಕಿದವರಲ್ಲಿ ಅಂತಹ ಒಬ್ಬನಾದರೂ ಇದ್ದಿದ್ದರೆ ಎಂದು ಅನ್ನಿಸುತ್ತದೆ.

1993ರ ಜುಲೈ 27ರಂದು ಸೋಚಿಯಲ್ಲಿ ಮತ್ತೊಂದು ಕದನವಿರಾಮವಾಯಿತು. ಮತ್ತೆ ಜಾರ್ಜಿಯದ ಭಾರೀ ಆಯುಧಗಳು ಹಿಂದೆಗೆದುವು. ಮತ್ತೆ, ಸೆಪ್ಟೆಂಬರ್ 16ರಂದು, ಅಬ್ಖಾಜರೂ ಮಿತ್ರರೂ ದಾಳಿ ಮಾಡಿದರು. ಗಾಗ್ರದ ಪಾಠವೇ ದೊಡ್ಡ ಅಕ್ಷರದಲ್ಲಿ. ನಾಗರಿಕರನ್ನೂ ಸೈನಿಕರನ್ನೂ ಹೊತ್ತ ವಿಮಾನಗಳು ಹೊಡೆದುರುಳಿ ನೂರಕ್ಕೂ ಹೆಚ್ಚು ಜನ ಸತ್ತರು. ಸೆಪ್ಟೆಂಬರ್ 27ರಂದು ಸುಖುಮಿ ಬಿದ್ದಿತು. ಶರಣಾದ ಜಾರ್ಜಿಯನ್ ಆಡಳಿತದ ಮುಖ್ಯಸ್ಥ ಝೂಲಿ ಶಾರ್ತಾವನನ್ನೂ ಸಂಗಡಿಗರನ್ನೂ ಕೊಲ್ಲಲಾಯಿತು. ಮೂರು ದಿನಗಳಲ್ಲಿ ಇಂಗುರಿ ನದಿಯವರೆಗಿನ ನೆಲವೆಲ್ಲ ಗೆದ್ದವರ ವಶವಾಯಿತು. ಎರಡು ಲಕ್ಷಕ್ಕೂ ಹೆಚ್ಚು ಜಾರ್ಜಿಯನ್ನರು ಮನೆ ತೊರೆದರು. ಅವರಲ್ಲಿ ಹಲವರು ಸ್ವಾನೆತಿಯ ಹಿಮದ ಕಣಿವೆಗಳನ್ನು ಕಾಲ್ನಡಿಗೆಯಲ್ಲಿ ದಾಟುವಾಗ ಚಳಿಗೂ ಹಸಿವಿಗೂ ಬಲಿಯಾದರು. 1994ರಲ್ಲಿ ಬುಡಾಪೆಸ್ಟ್‌ನಲ್ಲಿ ಸೇರಿದ ಐರೋಪ್ಯ ಭದ್ರತಾ ಸಮ್ಮೇಳನ ಇದನ್ನು ಜನಾಂಗೀಯ ನಿರ್ಮೂಲನವೆಂದು ಹೆಸರಿಸಿತು. ಎದುರುಪಕ್ಷದವರಿಗೂ ನೆನಪಿಡಲು ಸಾಕಷ್ಟಿದೆ: 1992ರ ಡಿಸೆಂಬರ್ 14ರಂದು, ಜಾರ್ಜಿಯನ್ನರು ಮುತ್ತಿದ್ದ ತ್ಕ್ವಾರ್ಚೆಲಿಯಿಂದ ಹೆಂಗಸರನ್ನೂ ಮಕ್ಕಳನ್ನೂ ಸಾಗಿಸುತ್ತಿದ್ದ ಹೆಲಿಕಾಪ್ಟರು ಲಾತಾ ಗ್ರಾಮದ ಬಳಿ ಹೊಡೆತ ತಿಂದು, ಅದರಲ್ಲಿದ್ದವರು ಸುಟ್ಟುಹೋದರು.

ಗೆದ್ದ ಮೈತ್ರಿಕೂಟದ ಮುಂದಿನ ಗತಿಯೇನಾಯಿತು? ಒಂದೂವರೆ ವರ್ಷದೊಳಗೆ, 1994ರ ಡಿಸೆಂಬರಿನಲ್ಲಿ, ರಷ್ಯ ಚೆಚ್ನ್ಯದ ಮೇಲೆ ದಂಡೆತ್ತಿ ಹೋಯಿತು. ಅಬ್ಖಾಜಿಯದಲ್ಲಿ ಕದನ ಕಲಿತ ಚೆಚೆನ್ನರು ಈಗ ಅದೇ ರಷ್ಯದ ವಿರುದ್ಧ ನಿಂತರು, ಒಕ್ಕೂಟ ಹೇಳಹೆಸರಿಲ್ಲದಂತಾಯಿತು. ಬಸಾಯೆವ್ 1995ರ ಜೂನಿನಲ್ಲಿ ಬುದ್ಯೋನೊವ್ಸ್ಕ್ ಪಟ್ಟಣದ ಆಸ್ಪತ್ರೆಯನ್ನು ರೋಗಿಗಳ ಸಮೇತ ಒತ್ತೆ ಹಿಡಿದನು. ನೂರಕ್ಕೂ ಹೆಚ್ಚು ಮಂದಿ ಸತ್ತರು. 2004ರ ಸೆಪ್ಟೆಂಬರಿನಲ್ಲಿ 330ಕ್ಕೂ ಹೆಚ್ಚು ಮಂದಿ, ಅರ್ಧಕ್ಕಿಂತ ಹೆಚ್ಚಿನವರು ಮಕ್ಕಳು, ಸತ್ತ ಬೆಸ್ಲಾನ್ ಶಾಲೆಯ ಕೃತ್ಯದ ಹೊಣೆಯನ್ನು ಅವನೇ ಹೊತ್ತನು. ಇವನ್ನು ಅಬ್ಖಾಜರ ಲೆಕ್ಕಕ್ಕೆ ಬರೆಯುವುದು ಅನ್ಯಾಯ. ಅವನ ಕರ್ಮ ಅವನದು. ಆದರೆ ಯುದ್ಧದಲ್ಲಿ ಅವನಿಗೆ ಮೊದಲ ದಂಡನಾಯಕತ್ವ ದೊರೆತುದು ಅವರ ಕರೆಯಿಂದ. ಇನ್ನೊಬ್ಬ ಚೆಚೆನ್ ನಾಯಕ ರುಸ್ಲಾನ್ ಗೆಲಾಯೆವ್ ಮೊದಲ ಯುದ್ಧದಲ್ಲಿ ಅಬ್ಖಾಜರ ಪರವಾಗಿ ಹೋರಾಡಿದ್ದವನು. 2001ರ ಅಕ್ಟೋಬರಿನಲ್ಲಿ ಅವನೇ ತನ್ನ ಪಡೆಯೊಡನೆ, ಜಾರ್ಜಿಯದ ಕಡೆಯಿಂದ, ಕೊದೋರಿ ಕಣಿವೆಯ ಮೂಲಕ ಅಬ್ಖಾಜರ ಮೇಲೆಯೇ ಬಂದನು.

ಜನಗಣತಿಯ ಅಂಕಿಗಳನ್ನು ಮತ್ತೊಮ್ಮೆ ನೋಡೋಣ. 2011ರಲ್ಲಿ ಅಬ್ಖಾಜಿಯದ ಆಡಳಿತ ನಡೆಸಿದ ಗಣತಿಯಂತೆ ಅಲ್ಲಿನ ಜನಸಂಖ್ಯೆ 2,40,705. ಇಪ್ಪತ್ತೆರಡು ವರ್ಷಗಳ ಹಿಂದಿನದರಲ್ಲಿ ಅರ್ಧಕ್ಕೂ ಕಡಿಮೆ. ಅಬ್ಖಾಜರು ಈಗ ಶೇಕಡಾ 50ಕ್ಕಿಂತ ತುಸು ಹೆಚ್ಚು. ಬಯಸಿದ ಬಹುಮತ ದೊರೆಯಿತು, ನೆರೆಯವರನ್ನು ಕಳೆದು. ಗೆದ್ದ ಪಕ್ಷದ ಆರ್ಮೇನಿಯನ್ನರು 76 ಸಾವಿರದಿಂದ 42 ಸಾವಿರಕ್ಕಿಳಿದರು. ಗ್ರೀಕರು ಒಂದೂವರೆ ಸಾವಿರಕ್ಕೂ ಕಡಿಮೆ. 1996ರಲ್ಲಿ ರಷ್ಯವೂ ಸೇರಿದಂತೆ ಹಿಂದಿನ ಸೋವಿಯತ್ ದೇಶಗಳ ಕೂಟ ಅಬ್ಖಾಜಿಯಕ್ಕೆ ದಿಗ್ಬಂಧನ ಹಾಕಿತು. 2008ರ ಆಗಸ್ಟಿನಲ್ಲಿ ಜಾರ್ಜಿಯದೊಡನೆ ಯುದ್ಧವಾದ ಮೇಲೆ ಅದೇ ರಷ್ಯ ಅದನ್ನು ಸ್ವತಂತ್ರ ದೇಶವೆಂದು ಮನ್ನಿಸಿತು. ಬೆರಳೆಣಿಕೆಯ ದೇಶಗಳಷ್ಟೇ ಆ ಮನ್ನಣೆಯನ್ನು ಅನುಸರಿಸಿವೆ. ಬೊಕ್ಕಸದ ಹಣದ ದೊಡ್ಡದೊಂದು ಪಾಲೂ ಗಡಿಯ ಕಾವಲೂ ರಷ್ಯದವು. ಗಡೀಪಾರು ಮಾಡಿದ ಝಾರ್‌ನ ಉತ್ತರಾಧಿಕಾರಿಯೇ ಕೊನೆಗೆ ಉಳಿದ ಮಿತ್ರ.

ಇದಲ್ಲದೆ ಬೇರೆ ದಾರಿಯೇ ಇರಲಿಲ್ಲವೆಂದು ವಾಚಕರು ಕೇಳಬಹುದು. ಅದೇ ಕಾಲದಲ್ಲಿ, ಅದೇ ಕಪ್ಪುಸಮುದ್ರದ ಇನ್ನೊಂದು ದಿಕ್ಕಿನಲ್ಲಿ, ಬಹುಮಟ್ಟಿಗೆ ಅಂತಹುದೇ ಸ್ಥಿತಿಯಲ್ಲಿದ್ದ ಮತ್ತೊಂದು ಜನಾಂಗವಿದ್ದಿತು. ಮಾಲ್ಡೋವದ ದಕ್ಷಿಣದ ಬುಜಾಕ್ ಬಯಲಿನ ಗಗೌಜರು ತುರ್ಕಿ ಕುಲದ ಭಾಷೆಯನ್ನಾಡುವ ಕ್ರೈಸ್ತರು. 1989ರಲ್ಲಿ ಮಾಲ್ಡೋವದಲ್ಲಿ ಸುಮಾರು ಒಂದೂವರೆ ಲಕ್ಷ, ಶೇಕಡಾ 3.5. ಆ ವರ್ಷ ಮಾಲ್ಡೋವನ್ ಭಾಷೆ ರಾಜ್ಯಭಾಷೆಯಾದಾಗ, ದೇಶ ರೊಮೇನಿಯದಲ್ಲಿ ವಿಲೀನವಾದೀತೆಂಬ ಮಾತು ಹಬ್ಬಿದಾಗ, ಅವರು ಬೆದರಿದರು. 1990ರ ಆಗಸ್ಟಿನಲ್ಲಿ ತಮ್ಮದೇ ಗಣರಾಜ್ಯವನ್ನು ಘೋಷಿಸಿಕೊಂಡರು. ಎರಡು ವಾರಗಳಲ್ಲಿ ನೀಸ್ಟರ್ ನದಿಯಾಚೆಯ ಟ್ರಾನ್ಸ್‌ನಿಸ್ಟ್ರಿಯವೂ ಹಾಗೆಯೇ ಮಾಡಿತು. ಅಕ್ಟೋಬರಿನಲ್ಲಿ ಮಾಲ್ಡೋವದ ಪ್ರಧಾನಿ ಮಿರ್ಚಾ ದ್ರೂಕ್‌ನ ಪ್ರೇರಣೆಯಿಂದ ಸ್ವಯಂಸೇವಕರು ಬಸ್ಸುಗಳಲ್ಲಿ ತುಂಬಿ ಗಗೌಜರ ಊರುಗಳ ಕಡೆಗೆ ಹೊರಟರು. ಗಗೌಜರು ಟ್ರಾನ್ಸ್‌ನಿಸ್ಟ್ರಿಯವನ್ನು ಕರೆದರು. ಅಲ್ಲಿಂದಲೂ ಬಸ್ಸುಗಳು ಬಂದವು. ಸೋವಿಯತ್ ಪಡೆ ನಡುವೆ ನಿಂತುದರಿಂದ ಅಂದು ರಕ್ತಪಾತ ತಪ್ಪಿತು. ಇಲ್ಲಿಯವರೆಗೆ ಇದೂ ಅಬ್ಖಾಜಿಯದ ಕಥೆಯೇ.

ವ್ಯತ್ಯಾಸ ಮುಂದೆ ಬರುತ್ತದೆ. 1992ರಲ್ಲಿ ಟ್ರಾನ್ಸ್‌ನಿಸ್ಟ್ರಿಯದಲ್ಲಿ ಯುದ್ಧ ಹೊತ್ತಿಕೊಂಡು ನೂರಾರು ಜನ ಸತ್ತಾಗ, ಬುಜಾಕಿನಲ್ಲಿ ಅಲ್ಲಲ್ಲಿ ದಾಳಿಗಳೂ ಸ್ಫೋಟಗಳೂ ನಡೆದರೂ, ಯುದ್ಧ ಹಬ್ಬಲಿಲ್ಲ. ಗಗೌಜ್ ನಾಯಕ ಸ್ತೆಪಾನ್ ತೋಪಾಲ್ ಮತ್ತು ಮಾಲ್ಡೋವದ ಅಧ್ಯಕ್ಷ ಮಿರ್ಚಾ ಸ್ನೆಗೂರ್ ಮಾತುಕತೆಯ ದಾರಿಯನ್ನು ಮುಚ್ಚಲಿಲ್ಲ. 1994ರ ಚುನಾವಣೆಯಲ್ಲಿ ವಿಲೀನವಾದಿಗಳು ಸೋತರು. ಆ ಜೂನಿನಲ್ಲಿ ಬಂದ ತುರ್ಕಿಯ ಅಧ್ಯಕ್ಷ ಸುಲೇಮಾನ್ ದೆಮಿರೆಲ್ ಗಗೌಜರಿಗೆ ಮಾಲ್ಡೋವದೊಳಗೇ ಬಾಳಲು ಬುದ್ಧಿ ಹೇಳಿದನು. ಶಸ್ತ್ರ ಕೊಡದೆ ಬುದ್ಧಿ ಹೇಳುವ ನೆಂಟನು ದೊರೆತುದು ಅವರ ಪುಣ್ಯವೆನ್ನಬೇಕು. ಡಿಸೆಂಬರ್ 23ರಂದು ಮಾಲ್ಡೋವದ ಸಂಸತ್ತು ಗಗೌಜರಿಗೆ ವಿಶೇಷ ಸ್ಥಾನ ನೀಡುವ ಕಾಯಿದೆಯನ್ನು ಅಂಗೀಕರಿಸಿತು. ಮಾಲ್ಡೋವ ತನ್ನ ಸ್ವತಂತ್ರ ರಾಷ್ಟ್ರದ ಸ್ಥಾನವನ್ನು ಕಳೆದುಕೊಂಡರೆ ಗಗೌಜರಿಗೆ ತಮ್ಮ ದಾರಿಯನ್ನು ತಾವೇ ಆರಿಸಿಕೊಳ್ಳುವ ಹಕ್ಕುಂಟೆಂದು ಅದರಲ್ಲಿ ಬರೆದರು. ಯಾವ ಭಯದಿಂದ ಅವರು ಶಸ್ತ್ರ ಮುಟ್ಟಿದ್ದರೋ ಆ ಭಯಕ್ಕೆ ನೇರವಾದ ಉತ್ತರವಿದು. ಅಬ್ಖಾಜರ ಭಯಕ್ಕೆ ಇಂತಹ ಒಂದು ವಾಕ್ಯವನ್ನು ಯಾರೂ ಬರೆದುಕೊಡಲಿಲ್ಲ.

1995ರ ಮಾರ್ಚ್ 5ರಂದು ಊರೂರುಗಳಲ್ಲಿ ಮತಗಣನೆ ನಡೆಯಿತು. ಸೇರಲು ಒಪ್ಪಿದ ಊರುಗಳು ಸ್ವಾಯತ್ತ ಪ್ರದೇಶಕ್ಕೆ ಸೇರಿದವು, ಒಪ್ಪದವು ಹೊರಗುಳಿದವು. ಫಲವಾಗಿ ಗಗೌಜಿಯದ ಭೂಪಟ ಇಂದಿಗೂ ಒಂದಕ್ಕೊಂದು ತಾಗದ ತುಂಡುಗಳಾಗಿದೆ. ಒಲ್ಲದ ನೆರೆಯವನ ಹೊಲವನ್ನು ನಡುವೆ ಬಿಟ್ಟು ತಮ್ಮದಕ್ಕೆ ಮಿತಿ ಹಾಕಿಕೊಂಡ ಆ ಭೂಪಟ ನನಗೆ ಪರಿಗ್ರಹ ಪರಿಮಾಣದ ಒಂದು ಚಿತ್ರದಂತೆ ಕಾಣುತ್ತದೆ. ಗಗೌಜರಿಗೆ ಅನುಕೂಲಗಳಿದ್ದವೆಂಬುದನ್ನು ಒಪ್ಪಬೇಕು: ಅವರ ರಾಜಧಾನಿಗೆ ಟ್ಯಾಂಕುಗಳು ನುಗ್ಗಿರಲಿಲ್ಲ, ಅವರ ಗ್ರಂಥಾಗಾರ ಉರಿದಿರಲಿಲ್ಲ, ಎದುರಿನ ಸರ್ಕಾರ ಒಂದು ಯುದ್ಧದಲ್ಲಿ ಸೋತು ದಣಿದಿತ್ತು. ಅವರ ವ್ಯವಸ್ಥೆಯೂ ನೆಮ್ಮದಿಯದಾಗಿಲ್ಲ. ಅಧಿಕಾರ, ತೆರಿಗೆ, ರಷ್ಯದ ಪ್ರಭಾವಗಳ ಬಗ್ಗೆ ಕೊಮ್ರಾಟ್ ಮತ್ತು ಕಿಶಿನೌ ನಗರಗಳ ನಡುವೆ ಜಗಳ ಮುಗಿದೇ ಇಲ್ಲ. 2025ರ ಆಗಸ್ಟಿನಲ್ಲಿ ಆ ಪ್ರದೇಶದ ಆಡಳಿತ ಮುಖ್ಯಸ್ಥೆಗೆ ಚುನಾವಣಾ ಹಣದ ಅಕ್ರಮಕ್ಕಾಗಿ ಏಳು ವರ್ಷ ಸೆರೆವಾಸ ವಿಧಿಸಿದಾಗ ಅವರ ಬೆಂಬಲಿಗರು ನ್ಯಾಯಾಲಯದ ಹೊರಗೆ ನಿಂತು ಪ್ರತಿಭಟಿಸಿದರು. 1990ರ ಅಕ್ಟೋಬರಿನಲ್ಲಿ ಬಸ್ಸುಗಳಲ್ಲಿ ಬಂದ ಟ್ರಾನ್ಸ್‌ನಿಸ್ಟ್ರಿಯದ ಮಿತ್ರರನ್ನು ಅವರು ಮತ್ತೆ ಕರೆಯಿಸಿಲ್ಲ.